ಮುತ್ಯಾನ ಡಬ್ಬಿಯೊಳಗಿನ ಬ್ರಿಜ್

ಎಳ್ಳ ಅಮಾವಾಸ್ಯೆಗೆ ನಾಲ್ಕು ದಿನ ರಜೆ ಸಿಕ್ಕಿತ್ತು. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿಪಲ್ಯ, ಶೇಂಗಾ ಹೋಳಿಗೆ ಎಲ್ಲಾ ಮುಗಿಸಿ, ಆಳಂದದ ಹಳೇ ಮನೆಯಲ್ಲಿ ಮಧ್ಯಾಹ್ನ ಅಡ್ಡಾಗಿದ್ದೆ. ಅಪ್ಪ ಮುತ್ಯಾನ ಸಂದೂಕ ತೆಗೆದು ಹೊಲದ ಕಾಗದ ಹುಡುಕುತ್ತಿದ್ದರು. ಕಾಗದ ಸಿಗಲಿಲ್ಲ. ಧೋತರದಲ್ಲಿ ಸುತ್ತಿಟ್ಟ ಒಂದು ಕಪ್ಪು ಡಬ್ಬಿ ಸಿಕ್ಕಿತು.

ದುರ್ಬೀನಿನ ಹಾಗೆ ಎರಡು ಕಣ್ಣು, ಬಲಗಡೆ ಒಂದು ಹಿಡಿಕೆ. ಕೈಗೆ ತಗೊಂಡರೆ ಈಗಿನ ಪ್ಲಾಸ್ಟಿಕ್ ಆಟಿಕೆಗಿಂತ ಭಾರ. ನಲವತ್ತೈದು ದಾಟಿದವರಿಗೆ ಗೊತ್ತಿರುತ್ತದೆ, ಅದು ವ್ಯೂ ಮಾಸ್ಟರ್. ನಮ್ಮ ವಯಸ್ಸಿನವರು ಇದರ ಬಡ ತಮ್ಮನನ್ನು ಜಾತ್ರೆಯಲ್ಲಿ ನೋಡಿರುತ್ತೇವೆ: ಒಂದೇ ಕಣ್ಣಿನ ಪುಟ್ಟ ಪ್ಲಾಸ್ಟಿಕ್ ಡಬ್ಬಿ, ಒಳಗೆ ದೇವರ ಫೋಟೋ ಇಲ್ಲವೇ ಸಿನಿಮಾ ರೀಲಿನ ತುಂಡು.

ಇದರ ಜೊತೆ ಎರಡು ದುಂಡನೆಯ ರಟ್ಟಿನ ತಟ್ಟೆಗಳಿದ್ದವು. ಒಂದು ಮಕ್ಕಳ ಕಾರ್ಟೂನು, ಪೂರಾ ಕೆಂಪಾಗಿ ಹೋಗಿತ್ತು. ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೋ. ಅದನ್ನು ಮೇಲಿನ ಸಂದಿಯಲ್ಲಿ ಇಳಿಸಿ, ಅಂಗಳದ ಬಿಸಿಲಿಗೆ ಹಿಡಿದು, ಹಿಡಿಕೆ ಎಳೆದೆ. ಟಕ್!

ಗೋಲ್ಡನ್ ಗೇಟ್ ಬ್ರಿಜ್. ನಾನು ಈ ಸೇತುವೆಯನ್ನು ಎಷ್ಟು ಸಲ ನೋಡಿರಬಹುದು? ಆಫೀಸಿನ ಲ್ಯಾಪ್‌ಟಾಪಿನ ವಾಲ್‌ಪೇಪರು, ಸಿನಿಮಾ, ಆನ್‌ಸೈಟ್ ಹೋದವರ ಸ್ಟೇಟಸ್ಸು. ಆದರೂ ಬಾಯಿಂದ ‘ಅಬ್ಬಾ’ ಅಂತ ಬಂತು. ಮುಂದೆ ಒಂದು ಪೊದೆ, ಅದರಾಚೆ ಬಂಡೆ, ಅದರಾಚೆ ನೀರು, ಆ ನೀರಿನ ಮೇಲೆ ಕಿತ್ತಳೆಗೆಂಪು ಸೇತುವೆ. ಒಂದರ ಹಿಂದೆ ಒಂದು ನಿಜವಾಗಿ ನಿಂತಿದ್ದವು.

ಅಪ್ಪ ಪಕ್ಕಕ್ಕೆ ಬಂದು ಕೂತರು. ‘ಅಪ್ಪಾ ಇದನ್ನ ಸೊಲ್ಲಾಪುರದಿಂದ ತಂದಿದ್ದ. ಓಣಿ ಹುಡುಗರೆಲ್ಲಾ ಸಾಲಾಗಿ ನಿಂತು ನೋಡ್ತಿದ್ವಿ. ಕೈ ಚಾಚಿದ್ರ ಆ ಕಬ್ಬಿಣದ ಹಗ್ಗ ಸಿಗ್ತದ ಅನಸ್ತಿತ್ತು’ ಅಂದರು.

ಜೇವರ್ಗಿಯಲ್ಲಿದ್ದ ಅತ್ತಿಗೆ ವಿಡಿಯೋ ಕಾಲ್ ಮಾಡಿ ಡಬ್ಬಿ ತೋರಿಸಿದೆ. ಅಪ್ಪನ ತಂಗಿ ಅವಳು, ನನ್ನನ್ನು ಎತ್ತಿ ಆಡಿಸಿದವಳು.

‘ಏ ತಮ್ಮಾ, ಅದು ಇನ್ನಾ ಅದ ಏನು?’ ಅಂತ ನಕ್ಕಳು. ಆಮೇಲೆ, ‘ಅದರಾಗ ಏನದಪ, ಕ್ಯಾಲೆಂಡರ್ ಚಿತ್ರ ಇದ್ದಂಗ ಇರ್ತದ. ಇವರೆಲ್ಲಾ ಸುಮ್ನೆ ಒದರತಿದ್ರು. ಅಮೆರಿಕಾದ ಬ್ರಿಜ್ ತಗೊಂಡು ಏನ್ ಮಾಡ್ತಿ, ನಮ್ಮ ಕಟ್ಟಿ ಸಂಗಾವಿ ಬ್ರಿಜ್ಜಿಂದು ಒಂದು ಫೋಟೋ ಅದ ಏನು ನೋಡು ಮನ್ಯಾಗ’ ಅಂದಳು.

ಹುಡುಕಿದೆ. ಆಲ್ಬಮ್ಮುಗಳಲ್ಲಿ ಮದುವೆ, ಜವಳ, ತಿರುಪತಿ, ಸ್ಟುಡಿಯೋದ ತಾಜಮಹಲ್ ಪರದೆ ಎಲ್ಲಾ ಇದ್ದವು. ಕಟ್ಟಿ ಸಂಗಾವಿ ಇರಲಿಲ್ಲ. ಕಲಬುರಗಿಯಿಂದ ಜೇವರ್ಗಿಗೆ ಹೋಗಬೇಕಾದರೆ ಭೀಮಾ ಹೊಳೆಯನ್ನು ದಾಟಿಸುವ ಬ್ರಿಜ್ ಅದು. ನಮ್ಮನೆಯವರು ಹೆರಿಗೆಗೆ, ಕಾಲೇಜಿಗೆ, ತೊಗರಿ ಮಾರಲಿಕ್ಕೆ, ಹೆಣ ತರಲಿಕ್ಕೆ ಎಲ್ಲದಕ್ಕೂ ಅದರ ಮೇಲೆಯೇ ಹೋಗಿದ್ದಾರೆ. ಫೋನಿನಲ್ಲಿ ಹುಡುಕಿದರೆ ಸಿಕ್ಕಿದ್ದು ಮಳೆಗಾಲದ ವಾಟ್ಸಾಪ್ ಫಾರ್ವರ್ಡುಗಳು ಮಾತ್ರ: ಕಂದು ನೀರು, ಅಲುಗಾಡುವ ವಿಡಿಯೋ, ಹಿಂದೆ ಯಾರೋ ಕೂಗುವ ದನಿ. ನಮ್ಮ ಕಡೆಯ ಬ್ರಿಜ್ಜುಗಳ ಫೋಟೋ ಯಾರಾದರೂ ತೆಗೆಯುವುದು ಅವು ಮುಳುಗುವಾಗ.

ಹಾಗಾಗಿ ಉಳಿದ ಎರಡು ದಿನ ಗೆಳೆಯನ ಬೈಕು ತಗೊಂಡು, ಡಬ್ಬಿಯನ್ನು ಬ್ಯಾಗಿನಲ್ಲಿ ಹಾಕಿಕೊಂಡು, ಬ್ರಿಜ್ ಫೋಟೋ ತೆಗೆಯಲು ಹೊರಟೆ. ಆಳಂದದಿಂದ ಅಫಜಲಪುರ ತಾಲೂಕು, ಅಲ್ಲಿಂದ ಕಲಬುರಗಿಗೆ ಬಂದು ಜೇವರ್ಗಿ. ಸೀದಾ ದಾರಿ ಏನಲ್ಲ. ಆದರೆ ನಮ್ಮ ನೀರು ಸುಮಾರಾಗಿ ಹಾಗೇ ಹರಿಯುತ್ತದೆ. ಆಳಂದ ತಾಲೂಕಿನ ಅಮರ್ಜಾ ಹೊಳೆ ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮೆಗೆ ಸೇರಿ, ಆ ಭೀಮೆ ಮುಂದೆ ಜೇವರ್ಗಿ ಕಡೆಗೆ ಬರುತ್ತದೆ.

ಆಳಂದ ಅಂದರೆ ಹೆಚ್ಚಿನವರಿಗೆ ಲಾಡ್ಲೆ ಮಶಾಕ್ ದರ್ಗಾ ನೆನಪಾಗುತ್ತದೆ. ವಚನ ಓದಿದವರಿಗೆ ಏಕಾಂತದ ರಾಮಯ್ಯನ ಊರು. ನನಗೆ ಮುತ್ಯಾನ ಮನೆ. ಬೆಳಿಗ್ಗೆ ಅಲ್ಲಿಂದ ಬೈಕು ಹತ್ತಿದಾಗ ರಸ್ತೆಯ ಎರಡೂ ಕಡೆ ತೊಗರಿ ಒಣಗಿ ನಿಂತಿತ್ತು, ಗಾಳಿ ಬೀಸಿದರೆ ಗಿಲಕಿ ಆಡಿಸಿದ ಹಾಗೆ ಸದ್ದು. ದಾರಿಯಲ್ಲಿ ಸಿಕ್ಕಿದ್ದೆಲ್ಲಾ ಹಳ್ಳದ ಸಣ್ಣ ಸಣ್ಣ ಸೇತುವೆಗಳು. ಇವುಗಳಿಗೆ ಹೆಸರಿಲ್ಲ. ಒಂದರ ಮೇಲೆ ಕುರಿ ಹಿಂಡು ನಿಂತಿತ್ತು. ಕುರಿ ಕಾಯುವವನು, ‘ಇದರ ಫೋಟೋ ಯಾಕ್ರಿ, ಇದೇನು ಬೀಳ್ತದೇನು?’ ಅಂತ ಗಾಬರಿಯಾಗಿ ಕೇಳಿದ. ಸರ್ಕಾರಿ ಕೆಲಸದವನು ಅಂದುಕೊಂಡಿರಬೇಕು.

ಗಾಣಗಾಪುರಕ್ಕೆ ಚೌಡಾಪುರದಲ್ಲಿ ತಿರುಗಬೇಕು. ಶ್ರೀ ನೃಸಿಂಹ ಸರಸ್ವತಿಗಳ ನಿರ್ಗುಣ ಪಾದುಕೆ ಇರುವ ಊರು, ಮಹಾರಾಷ್ಟ್ರದ ಭಕ್ತರೇ ಹೆಚ್ಚು. ಇಲ್ಲಿ ಐದು ಮನೆ ಭಿಕ್ಷೆ ಬೇಡುವುದೇ ಸೇವೆ. ಅದಕ್ಕೆ ಮಧುಕರಿ ಅನ್ನುತ್ತಾರೆ. ಪುಣೆಯ ಕಾರಿನಿಂದ ಇಳಿದವರೂ ಜೋಳಿಗೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. ದೇವಸ್ಥಾನದಿಂದ ಸಂಗಮಕ್ಕೆ ಹೋದೆ. ಅಮರ್ಜಾ ಬಂದು ಭೀಮೆಯಲ್ಲಿ ಸೇರುವ ಜಾಗ. ಚಳಿಗಾಲದಲ್ಲಿ ಹೊಳೆ ಎಷ್ಟು ಸಾಧು ಅಂದರೆ, ಇದೇ ನೀರು ಪ್ರತಿ ಸಲ ಇಲ್ಲಿನ ಸೇತುವೆಯನ್ನು ಮುಳುಗಿಸುತ್ತದೆ ಅಂದರೆ ನಂಬಲಿಕ್ಕಾಗುವುದಿಲ್ಲ.

ಇಲ್ಲಿ ಫೋಟೋ ತೆಗೆಯುವ ಬಗ್ಗೆ ಸ್ವಲ್ಪ ಹೇಳಬೇಕು. ನನಗೆ ಬೇಕಾಗಿದ್ದು ಬರೀ ಫೋಟೋ ಅಲ್ಲ, ಡಬ್ಬಿಯೊಳಗಿನಂಥ ಫೋಟೋ.

ಆ ರಟ್ಟಿನ ತಟ್ಟೆಯಲ್ಲಿ 14 ಪುಟ್ಟ ಫಿಲ್ಮುಗಳಿರುತ್ತವೆ, ಆದರೆ ನೋಡಲಿಕ್ಕೆ ಸಿಗುವುದು 7 ಚಿತ್ರ. ಎದುರುಬದುರು ಇರುವ ಎರಡೆರಡು ಫಿಲ್ಮು ಸೇರಿ ಒಂದು ದೃಶ್ಯ. ಒಂದು ಎಡಗಣ್ಣಿಗೆ, ಒಂದು ಬಲಗಣ್ಣಿಗೆ. ನಮ್ಮ ಎರಡು ಕಣ್ಣಿನ ನಡುವೆ ಸುಮಾರು ಆರೂವರೆ ಸೆಂಟಿಮೀಟರ್ ಅಂತರ ಇದೆಯಲ್ಲ, ಹಾಗಾಗಿ ಎರಡೂ ಕಣ್ಣು ನೋಡುವುದು ಒಂದಿಷ್ಟು ಬೇರೆ ಬೇರೆ. ಆ ವ್ಯತ್ಯಾಸವನ್ನೇ ಮಿದುಳು ‘ಇದು ಹತ್ತಿರ, ಅದು ದೂರ’ ಅಂತ ಓದಿಕೊಳ್ಳುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲೇ ಇದನ್ನು ತೋರಿಸಿದ್ದ. ಅದನ್ನು ಒಂದು ರಟ್ಟಿನ ಚಕ್ರಕ್ಕೆ ಇಳಿಸಿದವನು ವಿಲಿಯಂ ಗ್ರೂಬರ್, ಪಿಯಾನೋ ಶ್ರುತಿ ಮಾಡುತ್ತಿದ್ದ ಮನುಷ್ಯ. ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಸಾಯರ್ಸ್ ಅನ್ನುವ ಪೋಸ್ಟ್‌ಕಾರ್ಡ್ ಕಂಪನಿ ಇತ್ತು. ಅವರೊಂದಿಗೆ ಸೇರಿ ಮಾಡಿದ ಈ ಡಬ್ಬಿ 1939ರ ನ್ಯೂಯಾರ್ಕ್ ವಿಶ್ವ ಮೇಳದ ಹೊತ್ತಿಗೆ ಮಾರಾಟಕ್ಕೆ ಬಂತು. ಆಟಿಕೆ ಅಂತ ಅಲ್ಲ, ಪ್ರವಾಸದ ನೆನಪಿನ ಚಿತ್ರ ಅಂತ. ಪೋಸ್ಟ್‌ಕಾರ್ಡಿನ ಅಕ್ಕ ಅನ್ನಿ. ಗೋಲ್ಡನ್ ಗೇಟ್ ಆಗಷ್ಟೇ, 1937ರ ಮೇ ತಿಂಗಳಲ್ಲಿ, ತೆರೆದಿತ್ತು. ಎರಡು ಗೋಪುರಗಳ ನಡುವೆ 1,280 ಮೀಟರ್, ಆಗ ಜಗತ್ತಿನಲ್ಲೇ ಅತಿ ಉದ್ದದ ತೂಗು ಸೇತುವೆ. ಇಂಥ ಡಬ್ಬಿಗೆ ಅದಕ್ಕಿಂತ ಒಳ್ಳೆಯ ಗಿರಾಕಿ ಇನ್ನೆಲ್ಲಿ.

ಹಳೇ ರೀಲುಗಳ ಬಣ್ಣ ಇನ್ನೂ ಹೊಸದಾಗಿರುವುದಕ್ಕೆ ಕಾರಣ ಕೊಡಾಕ್ರೋಮ್ ಫಿಲ್ಮು, ಕತ್ತಲಲ್ಲಿಟ್ಟರೆ ಅದು ಮಾಸುವುದು ಬಹಳ ನಿಧಾನ. ಮುಂದೆ ಕಂಪನಿ ಕೈ ಬದಲಾಗಿ ಅಗ್ಗದ ಫಿಲ್ಮು ಬಂತು. ಆ ಕಾಲದ ರೀಲುಗಳೆಲ್ಲಾ ನಮ್ಮ ಕಾರ್ಟೂನಿನ ಹಾಗೆ ಕೆಂಪಾಗಿವೆ.

ಫೋನಿನಲ್ಲೂ ಇಂಥ ಜೋಡಿ ಚಿತ್ರ ತೆಗೆಯಬಹುದು. ಎಡಗಾಲ ಮೇಲೆ ಭಾರ ಹಾಕಿ ಒಂದು, ಮೈಯನ್ನು ಬಲಗಾಲಿಗೆ ವಾಲಿಸಿ ಇನ್ನೊಂದು. ಅತಿ ಹತ್ತಿರದ ವಸ್ತು ಎಷ್ಟು ದೂರ ಇದೆಯೋ ಅದರ ಮೂವತ್ತನೇ ಒಂದು ಭಾಗ ಪಕ್ಕಕ್ಕೆ ಸರಿದರೆ ಸಾಕು. ಎರಡು ಮೀಟರ್ ದೂರದಲ್ಲಿ ಗಿಡ ಇದ್ದರೆ ಆರೇಳು ಸೆಂಟಿಮೀಟರ್. ಹತ್ತಿರದಲ್ಲಿ ಏನಾದರೂ ಇರಲೇಬೇಕು. ಬರೀ ದೂರದ ಬ್ರಿಜ್ ತೆಗೆದರೆ ಎರಡು ಚಿತ್ರವೂ ಒಂದೇ ಥರ ಬರುತ್ತವೆ, ಆಳ ಬರುವುದಿಲ್ಲ. ಗೋಲ್ಡನ್ ಗೇಟಿನ ಮುಂದೆ ಆ ಪೊದೆ ಯಾಕಿತ್ತು ಅಂತ ಆಗ ತಿಳಿಯಿತು. ಫೋಟೋ ಬ್ರಿಜ್ಜಿನದು, ಆದರೆ ಕೆಲಸ ಮಾಡುತ್ತಿದ್ದುದು ಪೊದೆ.

ಇಷ್ಟೆಲ್ಲಾ ಲೆಕ್ಕ ಹಾಕುತ್ತಾ ಸಂಗಮದ ಕಟ್ಟೆಯ ಮೇಲೆ ಕೂತು ಡಬ್ಬಿಯಲ್ಲಿ ಮತ್ತೆ ಆ ಚಿತ್ರ ನೋಡುತ್ತಿದ್ದೆ. ಬಿಸಿಲಿಗೆ ಎಡಗಣ್ಣಲ್ಲಿ ನೀರು ಬಂದು ಆ ಕಣ್ಣು ಮುಚ್ಚಿದೆ.

ಬ್ರಿಜ್ ಚಪ್ಪಟೆಯಾಯಿತು. ಪೊದೆ, ಬಂಡೆ, ನೀರು ಎಲ್ಲಾ ಒಂದೇ ಹಾಳೆಗೆ ಅಂಟಿದ ಹಾಗೆ. ಕ್ಯಾಲೆಂಡರ್ ಚಿತ್ರ ಇದ್ದಂಗ.

ಅತ್ತಿಯ ಬಲಗಣ್ಣಲ್ಲಿ ಹೂ ಬಿದ್ದಿದೆ. ಐದು ವರ್ಷದವಳಿದ್ದಾಗ ಹೊಲದಲ್ಲಿ ಜೋಳದ ಗರಿ ಕಣ್ಣಿಗೆ ಬಡಿದು ಗಾಯವಾಗಿ, ಆಮೇಲೆ ಬೆಳ್ಳಗೆ ಕಲೆ ಕಟ್ಟಿ, ಆ ಕಣ್ಣಲ್ಲಿ ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವಳ ಬಲಗಡೆಗೆ ಬಿಸಿ ಪಾತ್ರೆ ಇಡಬಾರದು, ರಸ್ತೆ ದಾಟುವಾಗ ಆ ಕಡೆ ನಾವು ನಿಲ್ಲಬೇಕು. ಇದೆಲ್ಲಾ ನಮಗೆ ರೂಢಿ. ಆದರೆ ಎರಡು ಕಣ್ಣಿನ ಡಬ್ಬಿಯನ್ನು ಒಂದು ಕಣ್ಣಿನ ಹುಡುಗಿಯ ಕೈಗೆ ಕೊಟ್ಟು, ‘ನೋಡು ನೋಡು, ಹೊರಗ ಬರ್ಲಿಕತ್ತದ’ ಅಂತ ಕುಣಿದಿದ್ದೆವು ಅನ್ನುವುದು ಐವತ್ತು ವರ್ಷದಲ್ಲಿ ನಮ್ಮ ಮನೆಯ ಒಬ್ಬರಿಗೂ ಹೊಳೆದಿರಲಿಲ್ಲ. ಇಂಜಿನಿಯರಿಂಗ್ ಓದಿದ ನನಗೂ, ಫೋನಿನಲ್ಲಿ ಅವಳೇ ಬಾಯಿಬಿಟ್ಟು ಹೇಳಿದ ಮೇಲೂ.

ಆವತ್ತು ಅಲ್ಲೇ ಸಂಗಮದಲ್ಲಿ ಬಹಳ ಹೊತ್ತು ಕೂತೆ. ಫೋಟೋ ಸರಿ ಬರಲಿಲ್ಲ.

ಸಂಜೆ ಘತ್ತರಗಿಗೆ ಹೋದೆ, ಭಾಗ್ಯವಂತಿ ದೇವಿಯ ಊರು. ಗುಡಿ ಹೊಳೆಯ ದಂಡೆಯಲ್ಲೇ ಇದೆ. ಇಲ್ಲಿರುವುದು ಬ್ರಿಜ್ ಕಮ್ ಬ್ಯಾರೇಜು, ಕೆಳಗೆ ಗೇಟು ಹಾಕಿ ನೀರು ನಿಲ್ಲಿಸುತ್ತಾರೆ, ಮೇಲೆ ರಸ್ತೆ. ಬೇಸಿಗೆಗೆ ನೀರು ಉಳಿಸಲು ಕಟ್ಟಿದ್ದು. ಹಾಗಾಗಿ ಎತ್ತರ ಕಡಿಮೆ, ಮಳೆಗಾಲದಲ್ಲಿ ‘ಘತ್ತರಗಿ ಸೇತುವೆ ಮುಳುಗಡೆ’ ಅನ್ನುವ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತಲೇ ಇರುತ್ತದೆ. ತಮಾಷೆ ಅಂದರೆ ನಮ್ಮಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ಹೊಳೆ ಬರಬಹುದು. ಭೀಮೆ ಹುಟ್ಟುವುದು ಮಹಾರಾಷ್ಟ್ರದ ಭೀಮಾಶಂಕರದಲ್ಲಿ. ಅಲ್ಲಿ ಸುರಿದು, ಸೊಲ್ಲಾಪುರ ಜಿಲ್ಲೆಯ ಉಜನಿ ಡ್ಯಾಮು ತುಂಬಿ, ನೀರು ಬಿಟ್ಟರೆ ಇಲ್ಲಿ ಬಿಸಿಲಲ್ಲೇ ಹೊಲ ಮುಳುಗುತ್ತದೆ. ‘ಆಕಾಶ ನೋಡಿದ್ರ ಏನೂ ತಿಳಿಯಂಗಿಲ್ರಿ, ಮೊಬೈಲ್ ನೋಡಬೇಕು’ ಅಂದರು ಗುಡಿಯ ಮುಂದೆ ಕಾಯಿ ಮಾರುವ ಹೆಂಗಸು.

2020ರ ಅಕ್ಟೋಬರಿನಲ್ಲಿ ಹೊಳೆ ಬಂದದ್ದು ನಮ್ಮ ಕಡೆಯವರು ಮರೆಯುವುದಿಲ್ಲ. ಆಗ ಅತ್ತಿಯ ಇದ್ದೊಂದು ಒಳ್ಳೆಯ ಕಣ್ಣಿಗೂ ಪೊರೆ ಬಂದಿತ್ತು. ಕಲಬುರಗಿಯಲ್ಲಿ ಆಪರೇಷನ್‌ಗೆ ದಿನ ಗೊತ್ತಾಗಿತ್ತು. ಮೊದಲೇ ಕೊರೋನಾ, ಅದರ ಮೇಲೆ ಇದು. ಅಪ್ಪ, ‘ಹೊಳಿ ಇಳೀಲಿ, ಈಗ ಹೋಗೋದು ಬ್ಯಾಡ’ ಅಂದರು. ಹೊಳೆ ಇಳಿಯಿತು, ದಿನ ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. ಆ ವಾರಗಳಲ್ಲಿ ಅತ್ತಿ ಗೋಡೆ ಹಿಡಿದು ನಡೆಯುತ್ತಿದ್ದಳು. ನಾನು ಬೆಂಗಳೂರಿನ ರೂಮಿನಲ್ಲಿ ವರ್ಕ್ ಫ್ರಂ ಹೋಮ್ ಮಾಡುತ್ತಾ ದಿನಕ್ಕೆರಡು ಸಲ ಫೋನು ಮಾಡಿ, ‘ಹೊಳಿ ಎಲ್ಲಿಗೆ ಬಂತು?’ ಅಂತ ಕೇಳುತ್ತಿದ್ದೆ. ಕೊನೆಗೆ ಆಪರೇಷನ್ ಆಯಿತು, ಕಣ್ಣು ಚೆನ್ನಾಗಿ ಬಂತು. ಪಟ್ಟಿ ಬಿಚ್ಚಿ ವಾಪಸು ಬರುವಾಗ ಕಟ್ಟಿ ಸಂಗಾವಿಯಲ್ಲಿ ಗಾಡಿ ನಿಲ್ಲಿಸಲು ಹೇಳಿ, ಇಳಿದು, ಬ್ರಿಜ್ಜಿನ ಕಟಾಂಜನ ಹಿಡಿದು ಹೊಳೆ ನೋಡಿದಳಂತೆ. ಡ್ರೈವರು ಹಾರ್ನು ಹೊಡೆದರೂ ಬರಲಿಲ್ಲವಂತೆ. ಆ ಫೋಟೋ ಯಾರೂ ತೆಗೆದಿಲ್ಲ.

ಮರುದಿನ ಕಲಬುರಗಿಯಿಂದ ಫರಹತಾಬಾದ ದಾಟಿ ಕಟ್ಟಿ ಸಂಗಾವಿಗೆ ಬಂದಾಗ ಬೆಳಿಗ್ಗೆ ಎಂಟೂವರೆ. ಇದು ಹುಬ್ಬಳ್ಳಿ, ವಿಜಯಪುರ ಕಡೆಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿ, ಮೊದಲು 218 ಅನ್ನುತ್ತಿದ್ದರು, ಈಗ 50. ಲಾರಿಗಳು ಒಂದರ ಹಿಂದೆ ಒಂದು. ನಿಜ ಹೇಳಬೇಕೆಂದರೆ ಬ್ರಿಜ್ ನೋಡಲಿಕ್ಕೆ ಏನೂ ಇಲ್ಲ. ಸಾಲು ಕಂಬ, ಮೇಲೆ ಒಂದು ರಸ್ತೆ. ಗೋಪುರ ಇಲ್ಲ, ಉಕ್ಕಿನ ಹಗ್ಗ ಇಲ್ಲ, ಬಣ್ಣ ಅಂದರೆ ಧೂಳಿನ ಬಣ್ಣ. ಇದರ ರೀಲು ಮಾಡಿ ಮಾರಿದರೆ ಒಂದೂ ಹೋಗಲಿಕ್ಕಿಲ್ಲ.

ದಂಡೆಗೆ ಇಳಿದು ಒಂದು ಜಾಲಿಗಿಡ ಹುಡುಕಿದೆ. ಅದರ ಟೊಂಗೆ ಎರಡು ಮೀಟರ್ ಮುಂದೆ ಬರುವ ಹಾಗೆ ನಿಂತು, ಎಡಗಾಲು ಒಂದು, ಬಲಗಾಲು ಒಂದು ತೆಗೆದೆ. ಎರಡು ಕ್ಲಿಕ್ಕಿನ ನಡುವೆ ಲಾರಿ ಮುಂದೆ ಹೋಗಿರುತ್ತದೆ, ನೀರು ಮುಂದೆ ಹೋಗಿರುತ್ತದೆ, ಕೊಕ್ಕರೆ ಹಾರಿರುತ್ತದೆ. ಅವೆಲ್ಲಾ ಜೋಡಿಯಲ್ಲಿ ಕೂಡುವುದಿಲ್ಲ. ಬ್ರಿಜ್ಜು ಮತ್ತು ಗಿಡ ಮಾತ್ರ ಕೂಡುತ್ತವೆ. ನಲವತ್ತು ಜೋಡಿ ತೆಗೆದೆ. ನಡುವೆ ಯಾವುದೋ ಟೆಂಪೋದವನು ನಿಲ್ಲಿಸಿ, ‘ಏನಾತ್ರಿ, ಯಾರರೆ ಬಿದ್ರೇನು?’ ಅಂತ ಕೇಳಿ ಹೋದ.

ಈ ಜೋಡಿಗಳನ್ನು ಅತ್ತಿಗೆ ತೋರಿಸುವುದು ಹೇಗೆ? ಡಬ್ಬಿ ಅವಳಿಗೆ ಆಗದು. ಇದಕ್ಕೆ ಉತ್ತರ ಹಿಂದಿನ ರಾತ್ರಿ ಕಲಬುರಗಿಯ ಲಾಡ್ಜಿನಲ್ಲಿ, ಅವಳು ಸೂಜಿಗೆ ದಾರ ಪೋಣಿಸುವುದನ್ನು ನೆನಪಿಸಿಕೊಂಡಾಗ ಸಿಕ್ಕಿತ್ತು. ಅವಳು ತಲೆಯನ್ನು ಒಂಚೂರು ಆ ಕಡೆ ಈ ಕಡೆ ಆಡಿಸುತ್ತಾಳೆ. ಚಹಾ ಸುರಿಯುವಾಗಲೂ ಅಷ್ಟೇ. ಅದೊಂದು ಚಟ ಅಂದುಕೊಂಡಿದ್ದೆ. ಒಂದೇ ಕಣ್ಣಿದ್ದವರು ದೂರ ಅಳೆಯುವುದು ಹಾಗೆ. ತಲೆ ಆಡಿಸಿದರೆ ಹತ್ತಿರದ್ದು ಜಾಸ್ತಿ ಸರಿಯುತ್ತದೆ, ದೂರದ್ದು ಕಡಿಮೆ. ಬಸ್ಸಿನ ಕಿಟಕಿಯಲ್ಲಿ ಗಿಡ ಓಡಿ, ಗುಡ್ಡ ನಿಂತಿರುತ್ತದಲ್ಲ, ಅದೇ.

ಅಂದರೆ ಎರಡು ಚಿತ್ರವನ್ನು ಎರಡು ಕಣ್ಣಿಗೆ ಹಂಚುವ ಬದಲು, ಒಂದೇ ಕಣ್ಣಿಗೆ ಒಂದಾದ ಮೇಲೊಂದು ಬೇಗ ಬೇಗ ತೋರಿಸಿದರೆ ಆಯಿತು. ದೂರದ ಬ್ರಿಜ್ ಅಲುಗದಂತೆ ಎರಡನ್ನೂ ಹೊಂದಿಸಿ, ಸೆಕೆಂಡಿಗೆ ಏಳೆಂಟು ಸಲ ಅದಲುಬದಲು ಮಾಡಬೇಕು. ಹತ್ತಿಪ್ಪತ್ತು ಸಾಲಿನ ಪೈಥಾನ್, ಅಷ್ಟೇ. ಆಫೀಸಿನಲ್ಲಿ ವಾರಗಟ್ಟಲೆ ಬರೆದ ಕೋಡು ಯಾರಿಗೆ ಏನು ಮಾಡುತ್ತದೋ ನನಗೆ ಈವರೆಗೆ ಗೊತ್ತಿಲ್ಲ. ಇದನ್ನು ದಂಡೆಯಲ್ಲೇ ಕಲ್ಲಿನ ಮೇಲೆ ಕೂತು, ಲ್ಯಾಪ್‌ಟಾಪ್ ತೊಡೆ ಮೇಲಿಟ್ಟು ಬರೆದೆ.

ಜೇವರ್ಗಿಯ ಮನೆ ತಲುಪಿದಾಗ ಅತ್ತಿ ಅಂಗಳದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಅವಳ ಎಡಗಡೆಗೆ ಕೂತು ಫೋನು ಹಿಡಿದೆ.

ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಚಾಳೀಸು ಸರಿ ಮಾಡಿಕೊಂಡಳು. ಆಮೇಲೆ, ‘ಈ ಜಾಲಿಗಿಡ ಯಾಕ ಹಿಂಗ ಕುಣೀಲಿಕತ್ತದ?’ ಅಂದಳು.

‘ಗಿಡ ಬಿಡು, ಬ್ರಿಜ್ ನೋಡು.’

ನೋಡಿದಳು. ಬೆರಳು ಮುಂದೆ ಮಾಡಿ ಪರದೆಯ ಮೇಲಲ್ಲ, ಪರದೆಯ ಎದುರಿಗೆ, ಗಾಳಿಯಲ್ಲಿ ಹಿಡಿದಳು. ‘ಗಿಡ ಇಲ್ಲದ. ಬ್ರಿಜ್ ಅಲ್ಲದ, ದೂರ.’ ಮತ್ತೆ, ‘ನೀರ್ ಎಷ್ಟು ಕೆಳಗದ ನೋಡು ಈಗ’ ಅಂದಳು.

ನಾನು ಡಬ್ಬಿಯನ್ನು ಹೊರಗೆ ತೆಗೆದೆ. ಅಂಗಳದ ಬಿಸಿಲಿಗೆ ಹಿಡಿದು, ಫೋನಿನ ಕ್ಯಾಮೆರಾವನ್ನು ಮೊದಲು ಎಡ ಕಿಂಡಿಗೆ, ಆಮೇಲೆ ಬಲ ಕಿಂಡಿಗೆ ಇಟ್ಟು ಗೋಲ್ಡನ್ ಗೇಟಿನ ಎರಡು ಫೋಟೋ ತೆಗೆದೆ. ಎರಡನ್ನು ಹೊಂದಿಸಲು ಹದಿನೈದು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅತ್ತಿ ಚಹಾ ಮಾಡಿ ತಂದಳು. ಆಳಂದದಿಂದ ಬಸ್ಸಿನಲ್ಲಿ ಬಂದ ಅಪ್ಪನೂ ಬಂದು ಕಟ್ಟೆಯ ಮೇಲೆ ಕೂತರು.

ಪೊದೆ ಅಲುಗಾಡಿತು. ಅದರ ಹಿಂದೆ ಬಂಡೆ ಒಂಚೂರು. ಅದರಾಚೆ ನೀರಿನ ಮೇಲೆ ಕಿತ್ತಳೆಗೆಂಪು ಬ್ರಿಜ್, ನಿಂತ ಹಾಗೇ ನಿಂತಿತ್ತು.

ಅತ್ತಿ ಬಹಳ ಹೊತ್ತು ನೋಡಿದಳು. ಅಪ್ಪನ ಕಡೆ ತಿರುಗಿ, ‘ಅಣ್ಣಾ, ನೀವು ಹುಡುಗರು ಸುಳ್ಳೇ ಒದರತೀರಿ ಅಂತ ತಿಳಕೊಂಡಿದ್ದೆ’ ಅಂದಳು.

ಅಪ್ಪ, ‘ಕಾಣಂಗಿಲ್ಲ ಅಂತ ಆಗೇ ಹೇಳಬೇಕಿಲ್ಲೇನು ನೀ?’ ಅಂದರು.

‘ಹೆಂಗ ಹೇಳಲಿ? ಅಪ್ಪಾ ಅಷ್ಟು ದೂರದಿಂದ ತಂದಿದ್ದ. ನಾನೂ ಹೌದು ಹೌದು ಅಂದೆ.’

ಚಹಾ ಆರಿತ್ತು. ಅತ್ತಿ ಫೋನು ಇಸಗೊಂಡು ಕಟ್ಟಿ ಸಂಗಾವಿಯ ಚಿತ್ರಕ್ಕೆ ವಾಪಸು ಹೋದಳು. ‘ಇದನ್ನ ನನ್ನ ಮೊಬೈಲಿಗೆ ಹಾಕು. ಆ ಅಮೆರಿಕಾದ್ದೂ ಹಾಕು’ ಅಂದು, ಬೇಳೆಯ ಮೊರ ಮುಂದೆ ಎಳೆದುಕೊಂಡಳು.